ಜಾದವ್‌ಪುರದ ಸ್ಲ್ಯಾಬು, ಬಾಣಂತಿಯ ಮೀನು

ಮೂವತ್ತೊಂದು ವರ್ಷ ನನ್ನ ಕೆಲಸ ಕಾಂಕ್ರೀಟ್ ಒಡೆಯುವುದಾಗಿತ್ತು. ಧಾರವಾಡದ ಒಂದು ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ನಾನಿದ್ದೆ. ಹುಡುಗರು ಅಚ್ಚಿನಲ್ಲಿ ಹೊಯ್ದು ತಂದ ಗೇಣುದ್ದದ ಕಾಂಕ್ರೀಟ್ ಚೌಕಗಳಿಗೆ ನಾವು ಕ್ಯೂಬು ಎನ್ನುತ್ತೇವೆ. ಅವನ್ನು ತೊಟ್ಟಿಯ ನೀರಿನಲ್ಲಿ ನೆನೆಹಾಕಿ, ಇಪ್ಪತ್ತೆಂಟನೆಯ ದಿನ ಯಂತ್ರದ ಕೆಳಗಿಟ್ಟು ಒತ್ತಿ, ಎಷ್ಟು ಭಾರಕ್ಕೆ ಒಡೆಯಿತೆಂದು ಮುಳ್ಳು ನೋಡಿ ಬರೆಯುವುದು. ಕೊನೆಕೊನೆಗೆ ನನಗೆ ಮುಳ್ಳು ನೋಡುವ ಅಗತ್ಯವೇ ಇರಲಿಲ್ಲ. ಗಟ್ಟಿ ಕಾಂಕ್ರೀಟು ಸಿಟ್ಟಿನಿಂದ ಸಾಯುತ್ತದೆ, ಢಂ ಎಂದು ಸದ್ದು ಮಾಡುತ್ತದೆ. ಕಳಪೆಯದು ಪುಸ್ಸೆಂದು ಉದುರುತ್ತದೆ. ಮುಳ್ಳು ಆಮೇಲೆ ಬಂದು ನನ್ನ ಕಿವಿಗೆ ಸಾಕ್ಷಿ ಹೇಳುತ್ತಿತ್ತು.

ಇಂಥವಳಿಗೆ ದೇಶ ಸುತ್ತುವ ಯೋಗ ಎಲ್ಲಿಂದ ಬರಬೇಕು? ನಿವೃತ್ತಳಾಗಿ ಎರಡು ವರ್ಷವಾದ ಮೇಲೆ ಬಂತು, ಅದೂ ಕೆಟ್ಟ ಗಳಿಗೆಯಲ್ಲಿ. ಕೊಲ್ಕತ್ತಾ ಪರದೇಶವಲ್ಲ ಎಂಬುದು ನನಗೂ ಗೊತ್ತು. ಆದರೆ ಜೋಳದ ರೊಟ್ಟಿ ಸಿಗದ ಊರೆಲ್ಲ ನನ್ನ ಪಾಲಿಗೆ ಪರದೇಶವೇ.

ಕರೆದವಳು ಕರುಣಾ, ನನ್ನ ತಮ್ಮನ ಮಗಳು. ಆರು ವರ್ಷದಿಂದ ಅಲ್ಲಿನ ಒಂದು ಸಣ್ಣ ಕಟ್ಟಡ ಕಂಪನಿಯಲ್ಲಿ ಸೈಟ್ ಇಂಜಿನಿಯರು. ಜಾದವ್‌ಪುರದ ಒಂದು ಪಾಡಾದವರು, ಅಂದರೆ ನಮ್ಮ ಓಣಿಯಂಥದ್ದರವರು, ತಮ್ಮ ವಾಚನಾಲಯಕ್ಕೆ ಮಹಡಿ ಕಟ್ಟಿಸುತ್ತಿದ್ದರು. ಸಿಮೆಂಟು ಮಾಡಲು ಸುಣ್ಣದಕಲ್ಲು ಸುಡಬೇಕು. ಸುಡುವಾಗ ಬೆಂಕಿಯ ಹೊಗೆಯೊಂದೇ ಅಲ್ಲ, ಕಲ್ಲಿನ ಹೊಟ್ಟೆಯಿಂದಲೂ ಕೆಟ್ಟ ಗಾಳಿ ಹೊರಟು ಆಕಾಶ ಸೇರುತ್ತದೆ. ಆದ್ದರಿಂದ ಸಿಮೆಂಟು ಕಡಿಮೆ ಮಾಡಿ, ಕಬ್ಬಿಣದ ಕುಲುಮೆಯಲ್ಲಿ ಉಳಿಯುವ ಕಿಟ್ಟವನ್ನು ಹಿಟ್ಟು ಮಾಡಿ ಬೆರೆಸೋಣ ಎಂದು ಇವಳು ಆ ಕಮಿಟಿಯ ಮುದುಕರ ಬೆನ್ನು ಹತ್ತಿ ಒಪ್ಪಿಸಿದ್ದಳು. ಎಷ್ಟು ಬೆರೆಸಲಿ ಎಂದು ನನಗೆ ಫೋನಿನಲ್ಲಿ ಕೇಳಿದಾಗ, "ಹೆದರಬ್ಯಾಡ, ಅರ್ಧಕ್ಕರ್ಧ ಹಾಕು" ಎಂದವಳು ನಾನೇ.

ಸ್ಲ್ಯಾಬು ಹಾಕಿದಾಗ ಅದೇ ಕಾಂಕ್ರೀಟಿನಿಂದ ಹೊಯ್ದ ಕ್ಯೂಬುಗಳ ಅಂಕಿ ಏಳನೆಯ ದಿನದ ಪರೀಕ್ಷೆಯಲ್ಲಿ ತೀರಾ ಕೆಳಗೆ ಬಿತ್ತು. ಕಿಟ್ಟ ನಿಧಾನಿ, ಗಟ್ಟಿಯಾಗಲು ವೇಳೆ ತೆಗೆದುಕೊಳ್ಳುತ್ತದೆ, ನಿಜ. ಆದರೆ ಇಷ್ಟು ನಿಧಾನವಲ್ಲ. ಇಪ್ಪತ್ತೆಂಟನೆಯ ದಿನದ ಕ್ಯೂಬೂ ಹೀಗೇ ಆದರೆ ಸ್ಲ್ಯಾಬು ಒಡೆದು ಹೊಸದಾಗಿ ಹಾಕಬೇಕೆಂದು ಕಮಿಟಿ ಬರೆದು ಕೊಟ್ಟಿತು. ಹಾಗಾದರೆ ಕೆಲಸ ಬಿಟ್ಟು ಹೋಗು ಎಂದು ಅವಳ ಮಾಲೀಕ ಬಾಯಿಯಲ್ಲೇ ಹೇಳಿದ.

"ಅತ್ತೀ, ನೀ ಬಾ," ಎಂದಳು ಕರುಣಾ. ಅಳಲಿಲ್ಲ. ಅತ್ತಿದ್ದರೆ ನಾನು ಫೋನಿನಲ್ಲೇ ಸಮಾಧಾನ ಮಾಡಿ ಮಲಗುತ್ತಿದ್ದೆ. ಅಳಲಿಲ್ಲವಾದ್ದರಿಂದ ಮರುದಿನ ಹುಬ್ಬಳ್ಳಿಯಲ್ಲಿ ರೈಲು ಹತ್ತಿದೆ.

ಹೌರಾ, ಮಂಗಳವಾರ

ನನ್ನ ಚೀಲದಲ್ಲಿ ನಲವತ್ತು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮತ್ತೆ ಒಂದು ರಿಬೌಂಡ್ ಹ್ಯಾಮರ್ ಇದ್ದವು. ಹ್ಯಾಮರ್ ಅಂದರೆ ಹೆಸರಿಗೆ ಸುತ್ತಿಗೆ, ನೋಡಲು ದಪ್ಪ ಟಾರ್ಚಿನಂಥ ಕಬ್ಬಿಣದ ಕೊಳವೆ. ಕಾಂಕ್ರೀಟಿಗೆ ಒತ್ತಿದರೆ ಒಳಗಿನ ಸ್ಪ್ರಿಂಗು ಬಡಿದು ಹಿಂದಕ್ಕೆ ಪುಟಿಯುತ್ತದೆ. ಎಷ್ಟು ಪುಟಿಯಿತೋ ಅಷ್ಟು ಗಟ್ಟಿ. ನಿವೃತ್ತಿಯ ದಿನ ಲ್ಯಾಬಿನವರು ಶಾಲು, ಹಣ್ಣಿನ ಜೊತೆ ಅದನ್ನೂ ಕೊಟ್ಟಿದ್ದರು.

ಹೌರಾ ಮೆಟ್ರೋ ನಿಲ್ದಾಣದ ತಪಾಸಣೆಯವನಿಗೆ ಅದು ಸುತ್ತಿಗೆಯಾಗಿಯೂ ಟಾರ್ಚಾಗಿಯೂ ಕಾಣಲಿಲ್ಲ. ಚೀಲ ಬಿಚ್ಚಿಸಿದ. ರೊಟ್ಟಿ ಹೊರಗೆ ಬಂದವು. ಅವನು ರೊಟ್ಟಿಯನ್ನೂ ಬೆರಳಿನಿಂದ ಬಡಿದು ನೋಡಿದ. ಕರೆದೊಯ್ಯಲು ಬಂದಿದ್ದ ಕರುಣಾ ಹಿಂದಿಯಲ್ಲಿ, ಬಂಗಾಳಿಯಲ್ಲಿ ವಿವರಿಸಿದಳು. ಹಿಂದಿನ ಸಾಲಿನಲ್ಲಿದ್ದ ನಾಲ್ಕು ಮಂದಿಗೆ ಎಲ್ಲಿಗೋ ಹೋಗುವುದಿತ್ತು. ಅದನ್ನು ಮರೆತು ತಲೆಗೊಂದು ಅಭಿಪ್ರಾಯ ಹೇಳತೊಡಗಿದರು. ನಮ್ಮಲ್ಲಾದರೆ "ಲಗೂನ ಮುಗಸ್ರಿ" ಎಂದು ಹಿಂದಿನಿಂದ ದಬ್ಬುತ್ತಿದ್ದರು. ಇಲ್ಲಿ ಜಗಳಕ್ಕಿಂತ ಚರ್ಚೆಗೆ ಹಸಿವು ಜಾಸ್ತಿ. ಕೊನೆಗೆ ಅವನ ಮೇಲಿನ ಅಧಿಕಾರಿ ಬಂದು, ಹೊರಗಿನ ಮೆಟ್ಟಿಲಿನ ಮೇಲೆ ಬಡಿದು ತೋರಿಸಿ ಎಂದ. ತೋರಿಸಿದೆ. ಅಧಿಕಾರಿ ಅಂಕಿ ನೋಡಿ, "ಪಾಸೋ ಫೇಲೋ?" ಎಂದು ಕೇಳಿದ. ಪಾಸ್ ಎಂದೆ. ಮೆಟ್ಟಿಲು ತಾನೇ ಕಟ್ಟಿಸಿದವನಂತೆ ಖುಷಿಯಾಗಿ ಒಳಗೆ ಬಿಟ್ಟ.

ಕರುಣಾ ನಗಲಿಲ್ಲ. ಮೊದಲಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುವ ಹುಡುಗಿ. ಮೆಟ್ರೋ ನದಿಯ ಕೆಳಗೆ ಹೋಗುತ್ತಿದೆ ಎಂದು ಜನ ಕಿಟಕಿಗೆ ಮುಖ ಒತ್ತಿ ಏನೂ ಕಾಣದ ಕತ್ತಲನ್ನು ನೋಡುತ್ತಿದ್ದರು. ಅವಳು ನನ್ನ ಕೈಹಿಡಿದು, "ಗುರುವಾರ ಇಪ್ಪತ್ತೆಂಟು ದಿನ ಆಗ್ತಾವ ಅತ್ತಿ," ಎಂದಳು.

ಟಾಲಿಗಂಜ್

ಅವಳ ಮನೆ ಟಾಲಿಗಂಜಿನಲ್ಲಿ, ಎರಡನೆಯ ಮಹಡಿ. ರೊಟ್ಟಿ ಮುರಿದು ತಟ್ಟೆಗೆ ಹಾಕಿದೆ. ಚಟ್ನಿಗೆ ಎಣ್ಣೆ ಬೆರೆಸುತ್ತ ಕೂತಳೇ ಹೊರತು ತುತ್ತು ಬಾಯಿಗೆ ಹೋಗಲಿಲ್ಲ. ನಾನು ಒಂದೊಂದಾಗಿ ಕೇಳಿದೆ. ಜಲ್ಲಿ ಸರಿಯಿತ್ತೇ? ಇತ್ತು. ನೀರು ಅಳತೆಯಲ್ಲಿತ್ತೇ? ತಾನೇ ನಿಂತು ಅಳೆದಿದ್ದಳು. ಕಿಟ್ಟದ ಪುಡಿ ಹಳೆಯದೇ? ಹೊಸ ಚೀಲ. ಎಲ್ಲ ಉತ್ತರವೂ ಸರಿಯಿತ್ತು. ಹಾಗಾದರೆ ಉಳಿದ ತಪ್ಪು ಒಂದೇ, ಅರ್ಧಕ್ಕರ್ಧ ಎಂದ ನನ್ನ ನಾಲಿಗೆಯದು. ಮಾಡಿದ್ದುಣ್ಣೋ ಮಹಾರಾಯ ಎಂಬಂತಾಯಿತು. ಉಣ್ಣುವವಳು ಮಾತ್ರ ಅವಳು.

"ನಿನ್ನ ಮಾತು ಕೇಳಿದ್ದಕ್ಕ ಹಿಂಗಾತು ಅಂತ ನಾ ಅಂದಿಲ್ಲಲ್ಲ," ಎಂದಳು ನನ್ನ ಮುಖ ನೋಡಿ.

"ಅನ್ನು. ಅಂದ್ರ ನಂಗ ಹಗುರ ಆಗ್ತೈತಿ," ಎಂದೆ.

ಅನ್ನಲಿಲ್ಲ. ನಾವು ಪ್ರಾರ್ಥನೆ ಮಾಡಿ ಮಲಗಿದೆವು. ಕಾಂಕ್ರೀಟಿಗಾಗಿ ದೇವರನ್ನು ಬೇಡಿದ್ದು ನನ್ನ ಜನ್ಮದಲ್ಲೇ ಮೊದಲು.

ಜಾದವ್‌ಪುರ, ಬುಧವಾರ

ವಾಚನಾಲಯದ ಗಲ್ಲಿಗೆ ಆಟೋ ಹೋಗುವುದಿಲ್ಲ. ಬಾಗಿಲಲ್ಲೇ ಕಾರ್ಯದರ್ಶಿ ಶ್ಯಾಮಲ್‌ಬಾಬು ನಿಂತಿದ್ದರು. ನಿವೃತ್ತ ಗಣಿತದ ಮೇಷ್ಟ್ರು, ಬಿಳಿ ಜುಬ್ಬ, ಕಂಕುಳಲ್ಲಿ ಕೊಡೆ. ಅವರ ಬಂಗಾಳಿಯನ್ನು ಕರುಣಾ ಆಗಿಂದಾಗ ನನಗೆ ಕನ್ನಡ ಮಾಡಿ ಹೇಳುತ್ತಿದ್ದಳು. ಹಾಗಾಗಿ ಆ ವಾರವಿಡೀ ಬಂಗಾಳಿ ಬಾಬುಗಳು ನನ್ನ ಕಿವಿಯಲ್ಲಿ ಅಚ್ಚ ಧಾರವಾಡದ ಮಾತೇ ಆಡಿದರು.

"ನಿಮ್ಮ ಸೊಸಿ ಭಾಳ ಶ್ಯಾಣ್ಯಾಕಿ," ಎಂದರು ಶ್ಯಾಮಲ್‌ಬಾಬು. "ಆದ್ರ ಈ ಮಾಳಿಗಿ ಮ್ಯಾಲ ಸಣ್ಣ ಹುಡುಗ್ರು ಕುಂತು ಓದವ್ರದಾರ. ಶ್ಯಾಣ್ಯಾತನದ ಮ್ಯಾಲ ನಾ ಅವರನ್ನ ಕುಂದರಸಂಗಿಲ್ಲ."

ನನಗೆ ಕೋಪ ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಮೇಲೆ ಹೋದೆವು. ಸ್ಲ್ಯಾಬಿನ ತುಂಬ ಗೋಣಿಚೀಲ ಹಾಸಿತ್ತು, ಎಲ್ಲವೂ ಒದ್ದೆ. ಕಾವಲುಗಾರ ನಿಮಾಯ್ ಬಕೆಟ್ಟು ಹಿಡಿದು ನೀರು ಹಾಕುತ್ತಿದ್ದ. ಐವತ್ತು ದಾಟಿದ ತೆಳ್ಳಗಿನ ಮನುಷ್ಯ, ಹೆಂಡತಿ ಶೆಫಾಲಿಯೊಂದಿಗೆ ಕೆಳಗಿನ ಒಂದು ಕೋಣೆಯಲ್ಲಿ ವಾಸ. ಕರುಣಾ ಎರಡು ವಾರ ನೀರು ಹಾಕಲು ಹೇಳಿದ್ದಳಂತೆ. ಅವನು ನಾಲ್ಕು ವಾರವಾದರೂ ಬಿಟ್ಟಿಲ್ಲ. ಬರಿಗಾಲಲ್ಲೇ ಓಡಾಡುತ್ತಾನೆ, ಚಪ್ಪಲಿ ಮೆಟ್ಟಿಲ ಕೆಳಗೆ. ನಮ್ಮೂರಿನಲ್ಲಿ ಸ್ವಂತ ಮನೆ ಕಟ್ಟಿಸುವವರೂ ಮೂರನೆಯ ದಿನಕ್ಕೆ ನೀರು ಮರೆಯುತ್ತಾರೆ.

ಗೋಣಿ ಸರಿಸಿ, ಒರೆಸಿ, ಒಂದಿಷ್ಟು ಕಡೆ ಹ್ಯಾಮರ್ ಒತ್ತಿದೆ. ಪ್ರತಿ ಸಲವೂ ಚೆನ್ನಾಗಿ ಪುಟಿಯಿತು. ಮತ್ತೊಮ್ಮೆ ಒತ್ತಿದೆ. ನನ್ನ ಕೈ ಮೋಸ ಮಾಡುತ್ತಿಲ್ಲ. ಈ ಸ್ಲ್ಯಾಬು ಗಟ್ಟಿಯಿದೆ! ಆದರೆ ಹ್ಯಾಮರ್ ಹೇಳುವುದು ಅಂದಾಜು. ತೀರ್ಪು ಕ್ಯೂಬಿನದು. ಅದೇ ಕಾಂಕ್ರೀಟಿನ ಕ್ಯೂಬು ಯಾಕೆ ಫೇಲಾಗಬೇಕು?

"ಕ್ಯೂಬು ಎಲ್ಲಿ ಇಟ್ಟೀರಿ?" ಎಂದೆ.

ಮೆಟ್ಟಿಲ ಹಿಂದಿನ ತೊಟ್ಟಿಗೆ ಕರುಣಾ ಕರೆದೊಯ್ದಳು. ಶ್ಯಾಮಲ್‌ಬಾಬು ಚಹಾ ಕುಡಿಯಲು ಹೊರಗೆ ಹೋಗಿದ್ದರು. ತಗಡಿನ ಮುಚ್ಚಳ ತೆಗೆದು, ಮೂವತ್ತೊಂದು ವರ್ಷದ ರೂಢಿಯಂತೆ ನೀರಿಗೆ ಕೈ ಅದ್ದಿದೆ. ಕ್ಯೂಬು ಮಲಗಿದ ನೀರು ಸುಣ್ಣದಿಂದ ಬೆರಳಿಗೆ ಜಾರುಜಾರಾಗಿ ಹತ್ತುತ್ತದೆ. ಈ ನೀರು ಕುಡಿಯುವ ನೀರಿನಷ್ಟು ತಿಳಿಯಾಗಿತ್ತು. ಅಷ್ಟರಲ್ಲಿ ಕಪ್ಪಗಿನದೇನೋ ನನ್ನ ಮಣಿಕಟ್ಟಿಗೆ ಫಟ್ಟನೆ ಬಾರಿಸಿ ಕೆಳಗೆ ಹೋಯಿತು. ನಾನು ಚೀರಿದೆ.

ತೊಟ್ಟಿಯಲ್ಲಿ ಮೀನು. ಮೀಸೆಯಿರುವ, ಮೊಳಕ್ಕೆ ಹತ್ತಿರ ಉದ್ದದ ಎಂಟು ಮಾಗುರ್ ಮೀನು.

ಕ್ಯೂಬುಗಳು ಶೆಫಾಲಿಯ ಒಲೆಯ ಪಕ್ಕದಲ್ಲಿದ್ದವು. ಮೂರನ್ನು ಅಚ್ಚುಕಟ್ಟಾಗಿ ಜೋಡಿಸಿ, ಮೇಲೊಂದು ಬಟ್ಟೆ ಹಾಸಿ, ಅದರ ಮೇಲೆ ಮಂಡಕ್ಕಿ ಡಬ್ಬಿ ಇಟ್ಟಿತ್ತು. ಮುಟ್ಟಿದೆ. ಬಿಸಿಲಿಗೆ ಒಣಗಿದ ಬೆರಣಿಯ ಹಾಗಿದ್ದವು.

ನಿಮಾಯ್ ಏನೂ ಮುಚ್ಚಿಡಲಿಲ್ಲ. ಅಚ್ಚು ಬಿಚ್ಚಿ ಕ್ಯೂಬು ನೀರಿಗಿಟ್ಟ ದಿನವೇ ಅವನ ಮಗಳು ಹೆರಿಗೆಗೆ ಬಂದಳಂತೆ. ಬಸುರಿ ಬಾಣಂತಿಗೆ ಇಲ್ಲಿ ಮಾಗುರ್ ಮೀನಿನ ತೆಳು ಸಾರು ಬೇಕೇಬೇಕು. ಅದೂ ಜೀವಂತ ಮೀನು, ಅಂದಂದು ಹಿಡಿದು ಅಂದಂದು ಮಾಡಿದ್ದು. ಮೊದಲ ದಿನ ಕ್ಯೂಬಿನ ಜೊತೆಗೇ ಎರಡು ಬಿಟ್ಟನಂತೆ. ಸುಣ್ಣದ ನೀರಿಗೆ ಬೆಳಗಾಗುವುದರೊಳಗೆ ಸತ್ತವು. ಆಮೇಲೆ ಕ್ಯೂಬು ತೆಗೆದು, ತೊಟ್ಟಿ ಮೂರು ಸಲ ತೊಳೆದು, ಹೊಸ ನೀರು ತುಂಬಿಸಿದ.

"ಚಿಗವ್ವಾ, ಮ್ಯಾಲಿಂದು ಮನಿ. ಅದಕ್ಕ ನೀರು ಬೇಕು, ಹಾಕೀನಿ. ಇವು ಬರೇ ಕಲ್ಲು. ಕಲ್ಲಿಗ್ಯಾಕ ನೀರು? ಮೀನಿಗೆ ಬೇಕು," ಎಂದ. ಕರುಣಾ ಇದನ್ನು ಕನ್ನಡ ಮಾಡಿ ಹೇಳಿದಳು.

ನಾನು ಅವಳ ಕಡೆಗೇ ತಿರುಗಿದೆ. "ನೀ ಒಂದ್ ಸಲಾನೂ ಈ ಮುಚ್ಚಳ ತಗದು ನೋಡಲಿಲ್ಲೇನು?"

"ಇಲ್ಲತ್ತಿ. ಇನ್ನೊಂದು ಸೈಟಿನ್ಯಾಗ ಸಿಕ್ಕೊಂಡಿದ್ದೆ. ಏಳನೇ ದಿನ ಗೌಂಡಿನ್ನ ಕಳಿಸಿ ಕ್ಯೂಬು ತರಸಿದೆ. ಮ್ಯಾಲಿಂದ ಸ್ಲ್ಯಾಬ್ ನೋಡಿ ಹೋಗ್ತಿದ್ದೆ, ಅಷ್ಟ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕಿಟ್ಟ ಬೆರೆಸಿದ ಕಾಂಕ್ರೀಟಿಗೆ ಉಳಿದದ್ದಕ್ಕಿಂತ ಹೆಚ್ಚು ನೀರು ಬೇಕು. ನೀರಿಲ್ಲದಿದ್ದರೆ ಅದು ಅರ್ಧದಲ್ಲೇ ನಿಂತುಬಿಡುತ್ತದೆ. ಇವತ್ತು ನೀರಿಗೆ ಹಾಕಿದರೆ ನಾಳೆಗೆ ಏನೂ ಆಗದು. ನಾಳೆ ಈ ಕ್ಯೂಬು ಸೋಲುತ್ತದೆ, ಸೋತ ಕ್ಯೂಬು ತೋರಿಸಿ ಗಟ್ಟಿ ಸ್ಲ್ಯಾಬನ್ನು ಒಡೆಯುತ್ತಾರೆ.

ಇಲ್ಲೊಂದು ಮಾತು ಮುಚ್ಚಿಡದೆ ಹೇಳಿಬಿಡುತ್ತೇನೆ. ಆ ಮೆಟ್ಟಿಲ ಮೇಲೆ ಕೂತು, ಮೂವತ್ತೊಂದು ವರ್ಷ ಒಂದು ಅಂಕಿಯನ್ನೂ ತಿದ್ದದ ನಾನು, "ನಿನ್ನ ಇನ್ನೊಂದು ಸೈಟಿನ ಮೂರು ಕ್ಯೂಬು ತಂದಿಟ್ರ ಹ್ಯಾಂಗ?" ಎಂದೆ. ಹೇಳಿದ ಕೂಡಲೇ ಮೈಯೆಲ್ಲ ಬಿಸಿಯಾಯಿತು.

ಕರುಣಾ ನನ್ನನ್ನು ಬೈಯಲಿಲ್ಲ. "ಅವು ಬರೇ ಸಿಮೆಂಟಿನವು. ಹಂಗ ಮಾಡಿದ್ರ ಕಿಟ್ಟ ಗೆದ್ದಂಗ ಆಗೂದಿಲ್ಲತ್ತಿ, ಸಿಮೆಂಟ ಗೆದ್ದಂಗ ಆಗ್ತೈತಿ," ಎಂದಳು. ಆಮೇಲೆ ಒಳಗೆ ಮಗು ಅತ್ತದ್ದು ಕೇಳಿಸಿತು. ಹುಟ್ಟಿ ಒಂಬತ್ತು ದಿನವಂತೆ. "ಮೀನಿಂದು ಹೇಳಿದ್ರ ನಿಮಾಯ್‌ನ ಕೆಲಸಾನೂ ಹೋಗ್ತೈತಿ, ಕೋಣೀನೂ ಹೋಗ್ತೈತಿ. ಅದನ್ನ ನಾ ಹೇಳಂಗಿಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂಥ ಉಪಾಯ ನನಗೆ ಹೊಳೆಯಲಿಲ್ಲ.

ಅದೇ ಬುಧವಾರ, ಸಂಜೆ

ಕಮಿಟಿ ಸೇರಿದ್ದು ಕೆಳಗಿನ ಓದುವ ಕೋಣೆಯಲ್ಲಿ. ಐದು ಜನ ಮುದುಕರು, ಮಧ್ಯದಲ್ಲಿ ಶ್ಯಾಮಲ್‌ಬಾಬು. ಶೆಫಾಲಿ ಮಣ್ಣಿನ ಕುಡಿಕೆಗಳಲ್ಲಿ ಚಹಾ ತಂದಳು. ಕುಡಿದ ಮೇಲೆ ಅವನ್ನು ಒಡೆದು ಬಿಸಾಡುವುದು ಇಲ್ಲಿನ ಪದ್ಧತಿ. ಒಡೆಯುವ ಪದ್ಧತಿಯಿರುವ ಊರಿನಲ್ಲಿ ನಾನು ಮನೆಯಲ್ಲಿದ್ದಂತೆ ಇರಬೇಕಿತ್ತು. ಕುಡಿಕೆಯನ್ನು ತುಂಬಿದ್ದ ಹಾಗೇ ಕೆಳಗಿಟ್ಟೆ.

ಕರುಣಾ ನಿಂತೇ ಹೇಳಿದಳು. ಕ್ಯೂಬು ನೀರಿನಲ್ಲಿರಲಿಲ್ಲ, ನಾಳೆ ಅವು ಸೋಲುತ್ತವೆ, ನೋಡದೇ ಇದ್ದದ್ದು ತನ್ನ ತಪ್ಪು, ಸ್ಲ್ಯಾಬಿನದಲ್ಲ.

ಶ್ಯಾಮಲ್‌ಬಾಬು ಗಣಿತದ ಮೇಷ್ಟ್ರು. ಲೆಕ್ಕದಲ್ಲಿ ಬಿಟ್ಟುಹೋದ ಮೆಟ್ಟಿಲು ಅವರಿಗೆ ಕೂಡಲೇ ಕಾಣಿಸಿತು. "ತೊಟ್ಟಿ ಕಟ್ಟಿಸಿ ಕೊಟ್ಟೇವಿ. ನೀರು ತುಂಬಸೇವಿ. ಕ್ಯೂಬು ಅದರಾಗ ಇರಲಿಲ್ಲಂದ್ರ, ಮತ್ತ ಅದರಾಗ ಏನಿತ್ತು?"

ಕರುಣಾ ನನ್ನ ಕಡೆ ನೋಡಿದಳು. ಬಾಗಿಲಲ್ಲಿ ನಿಮಾಯ್ ನೆಲ ನೋಡುತ್ತ ನಿಂತಿದ್ದ. ಆಗ ಶೆಫಾಲಿ ಚಹಾದ ತಟ್ಟೆ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಹೇಳಿದಳು. ಕನ್ನಡ ಮಾಡುವ ಅಗತ್ಯ ಬೀಳಲಿಲ್ಲ.

"ಮಾಗುರ್ ಛಿಲೋ."

ಶ್ಯಾಮಲ್‌ಬಾಬು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಇನ್ನು ಮುಗಿಯಿತು ಎಂದುಕೊಂಡೆ.

"ಯಾವ ಬಜಾರದ್ದು?" ಎಂದರು.

ನಿಮಾಯ್ ಹೇಳಿದ. ಆ ಬಜಾರದ ಮಾಗುರ್‌ಗೆ ಕೆಸರಿನ ವಾಸನೆ, ಬೇರೆ ಕಡೆ ತರಬೇಕಿತ್ತು ಎಂದರು ಇನ್ನೊಬ್ಬರು. ಬಾಣಂತಿಗೆ ಮಾಗುರ್‌ಗಿಂತ ಶಿಂಗಿ ಮೀನೇ ಮೇಲು ಎಂದು ಮೂರನೆಯವರು. ಸಾರಿಗೆ ಹಸಿ ಬಾಳೆಕಾಯಿ ಹಾಕುತ್ತೀಯೋ ಪಪ್ಪಾಯಿಯೋ ಎಂದು ನಾಲ್ಕನೆಯವರು ಶೆಫಾಲಿಯನ್ನು ಕೇಳಿದರು. ಎಳೆ ಬಾಣಂತಿಗೆ ಸಾಸಿವೆ ತಗುಲಿಸಬೇಡ ಎಂದು ಶ್ಯಾಮಲ್‌ಬಾಬು ಬೆರಳೆತ್ತಿ ಎಚ್ಚರಿಸಿದರು. ನಾನು ಕರುಣಾಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಒಂದು ಮನೆಯನ್ನು ಬೀದಿಗೆ ಹಾಕುವಂಥದ್ದೆಂದು ನಾವು ಹಗಲೆಲ್ಲ ಬಚ್ಚಿಟ್ಟ ಅಪರಾಧ ಇವರಿಗೆ ಅಪರಾಧವೇ ಅಲ್ಲ! ಆಮೇಲೆ ಯೋಚಿಸಿದರೆ ನಾವೂ ಅಷ್ಟೇ. ಬಾಣಂತಿಗೆ ಅಂಟಿನುಂಡಿ ಕಟ್ಟಲು ಲ್ಯಾಬಿನ ತಕ್ಕಡಿ ಒಯ್ದಿದ್ದರೆ ಧಾರವಾಡದಲ್ಲಿ ಯಾರು ಬೈಯುತ್ತಿದ್ದರು?

ಅರ್ಧ ಗಂಟೆಯ ಮೇಲೆ ಶ್ಯಾಮಲ್‌ಬಾಬು ಮೇಜು ತಟ್ಟಿದರು.

"ಮೀನಿಗೆ ಮಾಫಿ ಐತಿ. ಸ್ಲ್ಯಾಬಿಗಿಲ್ಲ. ನಾಳೆ ಕ್ಯೂಬು ಒಡೀಬೇಕು, ಅದು ಠರಾವಿನ್ಯಾಗ ಐತಿ. ಅದು ಸೋತ್ರ ಸ್ಲ್ಯಾಬಿನಿಂದನ ಮೂರು ತುಂಡು ಕೊರದು ತಗದು ಒಡಸ್ರಿ. ಜಾಗಾ ನಾ ತೋರಸ್ತೀನಿ. ಅದೂ ಸೋತ್ರ ಸ್ಲ್ಯಾಬ್ ಕೆಡವೂದು. ಆಮ್ಯಾಲ ಈ ಪಾಡಾದಾಗ ಯಾರೂ ಕಿಟ್ಟದ ಹೆಸರು ತಗೀಬಾರ್ದು."

ಗುರುವಾರ

ಪರೀಕ್ಷೆಯ ಲ್ಯಾಬು ಊರಿನ ಉತ್ತರದ ತುದಿಯ ಬಾರಾನಗರದಲ್ಲಿ, ನದಿಗೆ ಹತ್ತಿರ. ಬೆಳಿಗ್ಗೆ ಮೂರು ಕ್ಯೂಬು ಒಡೆದರು. ಪುಸ್, ಪುಸ್, ಪುಸ್. ಗಟ್ಟಿತನದ ಅಂಕಿ ಇಪ್ಪತ್ತೈದು ಬರಬೇಕಾದಲ್ಲಿ ಹದಿನೇಳು ಬಂತು. ಗೊತ್ತಿದ್ದ ಸುದ್ದಿಯೇ. ಒಡೆದ ಚೂರಿನ ಒಳಗು ಬೂದಿಯಂತೆ ಬಿಳಚಿಕೊಂಡಿತ್ತು.

ಮಧ್ಯಾಹ್ನ ಜಾದವ್‌ಪುರದಲ್ಲಿ ಕೊರೆಯುವ ಯಂತ್ರ ಬಂತು. ಶ್ಯಾಮಲ್‌ಬಾಬು ಕೊಡೆಯ ತುದಿಯಿಂದ ಜಾಗ ತೋರಿಸಿದರು. ಒಂದು ನಡುವೆ, ಒಂದು ಬಾಗಿಲ ಬಳಿ. ಮೂರನೆಯದಕ್ಕೆ ಪಕ್ಕದ ಮನೆಯ ತೆಂಗಿನ ಮರ ಬಾಗಿದ್ದ ಮೂಲೆಗೆ ಹೋದರು.

"ಇಲ್ಲಿ ಬಕೆಟ್ಟು ಮುಟ್ಟತಿತ್ತೋ ಇಲ್ಲೋ?" ಎಂದು ನಿಮಾಯ್‌ನನ್ನು ಕೇಳಿದರು.

ನಿಮಾಯ್ ತಡೆದು, "ಮುಟ್ಟತಿರಲಿಲ್ಲ ಬಾಬು. ಲೋಟಾದಾಗ ಎರಚತಿದ್ದೆ," ಎಂದ.

"ಹಂಗಾದ್ರ ಇಲ್ಲೇ ಕೊರೀರಿ."

ನನಗೆ ಆ ಮುದುಕನ ಮೇಲೆ ಉರಿದುಹೋಯಿತು. ಆದರೆ ಇಂಥವನು ನನ್ನ ಲ್ಯಾಬಿನಲ್ಲಿದ್ದಿದ್ದರೆ ಆನೆಬಲ ಬರುತ್ತಿತ್ತು ಎಂದೂ ಅನಿಸಿತು. ಯಂತ್ರ ಕಿರುಚುತ್ತ ಒಳಗಿಳಿಯಿತು. ನಿಮಾಯ್ ಒದ್ದೆ ಗೋಣಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ಶೆಫಾಲಿ ಮಗುವಿನ ಕಿವಿ ಮುಚ್ಚಿ ಒಳಗೆ ಕರೆದೊಯ್ದಳು. ತೋಳಿನ ದಪ್ಪದ ಮೂರು ದುಂಡನೆಯ ತುಂಡು ಹೊರಬಂದವು. ಅವುಗಳ ತಲೆ ಬುಡ ಸಮ ಮಾಡಿ ಸಿದ್ಧಗೊಳಿಸಲು ಲ್ಯಾಬಿನವರಿಗೆ ಒಂದು ದಿನ ಬೇಕು.

ಶುಕ್ರವಾರದ ಬಗ್ಗೆ ಬರೆಯಲು ಏನೂ ಇಲ್ಲ. ಸಿಕ್ಕಿದ ಯಾವುದೋ ಹಿಟ್ಟಿನಲ್ಲಿ ರೊಟ್ಟಿ ತಟ್ಟಲು ಹೋಗಿ ಮೂರು ಸಲ ಹರಿದುಕೊಂಡೆ. ಕರುಣಾ ರಾಜೀನಾಮೆ ಪತ್ರ ಬರೆದು, ಎರಡು ಸಲ ಓದಿ, ಚೀಲದಲ್ಲಿಟ್ಟುಕೊಂಡಳು. ನಾನು ನೋಡಿಯೂ ನೋಡದ ಹಾಗಿದ್ದೆ.

ಬಾರಾನಗರ, ಶನಿವಾರ

ಶ್ಯಾಮಲ್‌ಬಾಬು ನಮಗಿಂತ ಮೊದಲೇ ಬಂದು, ಲ್ಯಾಬಿನ ಬೆಂಚಿನ ಮೇಲೆ ನೋಟ್‌ಬುಕ್ಕು ತೆರೆದು ಕೂತಿದ್ದರು. ಹೊರಗಿನವರು ಹಳದಿ ಗೆರೆ ದಾಟಬಾರದು ಎಂದು ಲ್ಯಾಬಿನವನು ನನ್ನನ್ನೂ ತಡೆದ. ನನ್ನನ್ನು! ಆ ಯಂತ್ರದ ಹಿಡಿಕೆ ನನ್ನ ಕೈಯ ಗುರುತು ಹಿಡಿಯುತ್ತಿತ್ತೇನೋ. ಅಲ್ಲಿಂದ ಅಂಕಿ ಕಾಣುತ್ತಿರಲಿಲ್ಲ. ಕಣ್ಣು ಮುಚ್ಚಿ ಕಿವಿಯನ್ನಷ್ಟೇ ತೆರೆದಿಟ್ಟೆ.

ಯಂತ್ರ ಗುಂಯ್ ಎನ್ನುತ್ತ ಒತ್ತತೊಡಗಿತು. ಕಳಪೆಯದಾದರೆ ಇಷ್ಟರಲ್ಲಿ ಉದುರಬೇಕಿತ್ತು. ಉದುರಲಿಲ್ಲ. ಇನ್ನೂ ಒತ್ತಿತು. ಕರುಣಾಳ ಉಗುರು ನನ್ನ ಅಂಗೈಗೆ ಇಳಿಯಿತು.

ಢಂ!

ಲ್ಯಾಬಿನವನೇ ಒಂದು ಹೆಜ್ಜೆ ಹಿಂದೆ ಸರಿದ. ನಾನು ಕಣ್ಣು ತೆರೆಯಲಿಲ್ಲ. ಎರಡನೆಯದೂ ಹಾಗೇ ಸಿಡಿಯಿತು.

ಮೂರನೆಯದು ತೆಂಗಿನ ಮೂಲೆಯದು. ಗುಂಯ್ ಎನ್ನುವುದು ಮುಗಿಯಲೇ ಇಲ್ಲ. ನಡುವೆ ಚಿಟ್ ಎಂದು ಸಣ್ಣ ಸದ್ದು ಬಂತು. ಅಂಚು ಬಿರಿಯಿತೇ? ಇಷ್ಟಕ್ಕೇ ಮುಗಿಯಿತೇ? ಯಂತ್ರ ನಿಲ್ಲಲಿಲ್ಲ. ದೇವರೇ, ಒಂದು ಲೋಟ ನೀರು, ದಿನಕ್ಕೆ ಎಷ್ಟು ಸಲ ಎರಚಿದ್ದನೋ ಆ ಪುಣ್ಯಾತ್ಮ. ಇನ್ನೊಂದಿಷ್ಟು. ಇನ್ನೊಂದಿಷ್ಟು.

ಢಂ!

ಲ್ಯಾಬಿನವನು ಮೂರು ಅಂಕಿ ಓದಿದ. ಶ್ಯಾಮಲ್‌ಬಾಬು ಬರೆದುಕೊಂಡು, ಕೂಡಿಸಿ, ಭಾಗಿಸಿ, ಅದನ್ನು ಹೊಡೆದುಹಾಕಿ ಮತ್ತೊಮ್ಮೆ ಭಾಗಿಸಿದರು. ನಾವು ನಿಂತೇ ಇದ್ದೆವು. ಕೊನೆಗೆ ಪೆನ್ನಿನ ಟೊಪ್ಪಿ ಹಾಕಿ, "ಇಪ್ಪತ್ತೇಳು. ಸ್ಲ್ಯಾಬ್ ಪಾಸ್," ಎಂದರು. ಇದನ್ನು ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ಕರುಣಾ ಕನ್ನಡ ಮಾಡಿ ಹೇಳುವ ಸ್ಥಿತಿಯಲ್ಲಿರಲಿಲ್ಲ. ನನ್ನ ಭುಜಕ್ಕೆ ಮುಖ ಒತ್ತಿ, ಆ ದಿನ ಫೋನಿನಲ್ಲಿ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತಳು. ನಾನೂ ಅತ್ತೆ. ಅಷ್ಟು ಸಂತೋಷ ನನಗೆ ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಒಂದು ದಿನವೂ ಆಗಿರಲಿಲ್ಲ.

ಶ್ಯಾಮಲ್‌ಬಾಬು ಬಗ್ಗಿ ಒಂದು ಚೂರು ಎತ್ತಿಕೊಂಡರು. ಒಡೆದ ಮುಖ ನವಿಲುಗರಿಯ ಬಣ್ಣಕ್ಕಿತ್ತು, ನೀಲಿಯೂ ಅಲ್ಲ, ಹಸಿರೂ ಅಲ್ಲ.

"ಬಣ್ಣ ಹಾಕೀರೇನು?" ಎಂದರು ಅನುಮಾನದಿಂದ.

"ಇಲ್ಲ," ಎಂದೆ ನಾನೇ, ನನ್ನ ಹರಕು ಹಿಂದಿಯಲ್ಲಿ. "ನೀರು ಕುಡಿದ ಕಿಟ್ಟದ ಬಣ್ಣ ಇದು. ಒಳಗಿರುವವರೆಗೆ ಹೀಗಿರುತ್ತದೆ. ಗಾಳಿ ತಾಗಿದರೆ ಕೆಲವು ದಿನಗಳಲ್ಲಿ ಹೋಗುತ್ತದೆ."

ಅವರು ಚೂರನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಕರ್ಚೀಫಿನಲ್ಲಿ ಸುತ್ತಿ ಜುಬ್ಬದ ಜೇಬಿಗಿಳಿಸಿದರು. ಹೊರಗೆ ಬಂದು ಕರುಣಾ ರಸ್ತೆಬದಿಯ ಅಂಗಡಿಯಲ್ಲಿ ಆಲೂಗಡ್ಡೆ ಪಲ್ಯದ ಜೊತೆ ಆರು ಕಚೋರಿ ತಿಂದಳು.

ಜಾದವ್‌ಪುರ, ಹೊರಡುವ ದಿನ

ಸ್ಲ್ಯಾಬಿನ ಮೂರು ತೂತು ತುಂಬುವುದಿತ್ತು. ಗೌಂಡಿ ಬೇಗ ಮುಗಿಸಲೆಂದು ಬರೀ ಸಿಮೆಂಟಿನ ಚೀಲ ಬಿಚ್ಚಿದ. ಶ್ಯಾಮಲ್‌ಬಾಬು ಕೊಡೆಯನ್ನು ಅಡ್ಡ ಹಿಡಿದರು.

"ಅದಲ್ಲ. ಮೊದಲಿಂದ ಹಾಕು. ಅರ್ಧಕ್ಕರ್ಧ." ಒಂದು ಕ್ಷಣ ತಡೆದು, "ಕ್ಯೂಬೂ ತಗೀರಿ. ಮೂರು," ಎಂದರು.

ಅಚ್ಚಿನಲ್ಲಿ ಮೂರು ಕ್ಯೂಬು ಹೊಯ್ದರು. ನಾಳೆ ಬಿಚ್ಚಿದ ಮೇಲೆ ತೊಟ್ಟಿಗೆ ಹೋಗಬೇಕು. ಎಲ್ಲರೂ ನಿಮಾಯ್‌ನ ಕಡೆ ನೋಡಿದೆವು. ಅವನು ಶ್ಯಾಮಲ್‌ಬಾಬು ಕಡೆ ನೋಡಿದ. ಶ್ಯಾಮಲ್‌ಬಾಬು ಆಕಾಶ ನೋಡಿದರು. ಶೆಫಾಲಿ ನಗು ತಡೆಯಲಾರದೆ ತೊಟ್ಟಿಯ ಮುಚ್ಚಳ ತೆಗೆದಳು. ತೊಟ್ಟಿ ಖಾಲಿ, ತಿಳಿನೀರಷ್ಟೇ. ಉಳಿದ ಐದು ಮಾಗುರ್ ಹಿಂದಿನ ದಿನವೇ ಕಾರ್ಯದರ್ಶಿಗಳ ಮನೆಯ ಬಚ್ಚಲಿಗೆ ಹೋಗಿದ್ದವು. ಬಾಣಂತಿಯ ಸಾರಿಗೆ ದಿನಕ್ಕೊಂದರಂತೆ ಅವರೇ ಬಕೆಟ್ಟಿನಲ್ಲಿ ತಂದುಕೊಡುವುದೆಂದು ಕಮಿಟಿಯಲ್ಲಿ ಠರಾವಾಗಿತ್ತಂತೆ.

ನಾನು ಒಂದು ಚೂರನ್ನು ರೊಟ್ಟಿಯ ಬಟ್ಟೆಯಲ್ಲಿ ಸುತ್ತಿ ತಂದೆ. ಧಾರವಾಡಕ್ಕೆ ಬಂದು ಬಿಚ್ಚುವಷ್ಟರಲ್ಲಿ ನವಿಲುಗರಿಯ ಬಣ್ಣ ಮಸುಕಾಗಿತ್ತು. ವಾರದಲ್ಲಿ ಪೂರ್ತಿ ಹೋಯಿತು. ಈಗದು ಕಿಟಕಿಯ ಮೇಲಿರುವ ಒಂದು ಬೂದು ಕಲ್ಲು. ಯಾರಿಗೆ ತೋರಿಸಿದರೂ ನಂಬುವುದಿಲ್ಲ.

ಇಪ್ಪತ್ತೆಂಟು ದಿನದ ಮೇಲೆ ಒಂದು ಬೆಳಿಗ್ಗೆ ಕರುಣಾಳ ಫೋನು ಬಂತು. ಹಲೋ ಎಂದೆ, ಉತ್ತರವಿಲ್ಲ. ಮತ್ತೊಮ್ಮೆ ಎಂದೆ. ದೂರದಲ್ಲಿ ಗುಂಯ್ ಎನ್ನುವ ಸದ್ದು. ಅವಳು ಫೋನನ್ನು ಯಂತ್ರದ ಕಡೆಗೆ ಹಿಡಿದಿದ್ದಾಳೆಂದು ತಿಳಿಯಿತು. ಒಲೆ ಆರಿಸಿ, ಉಸಿರು ಹಿಡಿದು, ಗೋಡೆಗೆ ಒರಗಿ ನಿಂತೆ.

ಢಂ!

"ಕೇಳಿಸ್ತೇನತ್ತಿ?" ಎಂದಳು.

"ಕೇಳಿಸ್ತು," ಎಂದೆ. "ಅಂಕಿ ಹೇಳಬ್ಯಾಡ, ಗೊತ್ತಾತು."